ಬಾವಿಕಟ್ಟೆಯ ಮುನಿಗಂಗಮ್ಮ

ಗೌಹರ್ ಊರಿಗೆ ಬೆಂಕಿ ಹಚ್ಚಿದಳು. ಪರದೆಯ ತುಂಬ ಗುಡಿಸಲುಗಳು ಧಗಧಗ ಉರಿದವು. ಸೂರಿನ ಹುಲ್ಲು ಕಿಡಿಕಿಡಿಯಾಗಿ ಹಾರಿತು, ದನಗಳು ಹಗ್ಗ ಹರಿದುಕೊಂಡು ಓಡಿದವು. ಅವಳ ಕುರ್ಚಿಯ ಹಿಂದೆ ನಿಂತಿದ್ದ ಚನ್ನಕೇಶವನಿಗೆ ಹಿಗ್ಗು ತಡೆಯಲಾಗಲಿಲ್ಲ.

“ಹೊಗೆ ನೋಡಿ, ಹೊಗೆ! ಬೇರೆ ಯಾರ ಗೇಮಲ್ಲಾದ್ರೂ ಇಂಥ ಹೊಗೆ ನೋಡಿದ್ದೀರಾ?”

“ಚೆನ್ನಾಗಿದೆ ಸರ್,” ಎಂದಳು ಗೌಹರ್.

ಗೋಡೆಗೆ ಒರಗಿ ನಿಂತಿದ್ದ ಬರಹಗಾರ್ತಿ ಇಂದು ಪರದೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಗೌಹರಳ ಮುಖದ ಮೇಲಿತ್ತು. ಯಲಹಂಕ ನ್ಯೂ ಟೌನಿನ ಇದೇ ಮಹಡಿಯಲ್ಲಿ, ಒಂದು ಕಾಲಕ್ಕೆ ಚನ್ನಕೇಶವನ ಕೈಕೆಳಗೆ ಏಳೆಂಟು ಜನ ಸೇರಿ ‘ಕೋಟೆಬಾಗಿಲು’ ಎಂಬ ಗೇಮ್ ಮಾಡಿದ್ದರು. ಆಡುವವರು ತಾವೇ ಪಾಳೇಗಾರರ ಕಾಲದ ಒಬ್ಬ ಸಿಪಾಯಿಯಾಗಿ ಊರೂರು ಅಲೆಯಬೇಕು, ಜನರೊಡನೆ ಮಾತಾಡಬೇಕು, ಒಳ್ಳೆಯದೋ ಕೆಟ್ಟದ್ದೋ ತಮ್ಮ ದಾರಿ ತಾವೇ ಹಿಡಿಯಬೇಕು. ಚಿತ್ರಗಳೇನೋ ಒರಟು. ಆದರೆ ಪಾತ್ರಗಳ ಬಾಯಿಗೆ ಮಾತು ಕೊಟ್ಟವಳು ಇಂದು. ಜನ ಹುಚ್ಚು ಹಿಡಿದವರ ಹಾಗೆ ಆಡಿದರು. ಆಮೇಲೆ ಬೇರೆ ಬೇರೆ ಕಂಪನಿಗಳು ಬಂದವು, ಇವರನ್ನು ದಾಟಿ ಹೋದವು. ‘ಚನ್ನಕೇಶವನ ಕಾಲ ಮುಗೀತು’ ಅಂತ ಇಂಟರ್‌ನೆಟ್ಟಿನಲ್ಲಿ ಜನ ಬರೆಯತೊಡಗಿದರು. ಈಗ ಎರಡನೆಯ ಭಾಗ ಸಿದ್ಧವಾಗಿತ್ತು. ಸೋಮವಾರ ಅದನ್ನು ಮುಂಬೈಯಿಂದ ಬರುವ, ಗೇಮಿಗೆ ದುಡ್ಡು ಹಾಕುವ ಪಬ್ಲಿಷರ್‌ಗೆ ತೋರಿಸಬೇಕು. ಅವರು ಒಪ್ಪದಿದ್ದರೆ ಸ್ಟುಡಿಯೋಗೆ ಬೀಗ. ಅದಕ್ಕೇ ಚನ್ನಕೇಶವ ಆರ್.ಟಿ. ನಗರದಿಂದ ಗೌಹರಳನ್ನು ಕರೆಸಿದ್ದ. ಮೊದಲ ಗೇಮನ್ನು ಅವಳಷ್ಟು ಪ್ರೀತಿಯಿಂದ ಆಡಿದವರು ಬೇರೆ ಯಾರೂ ಇರಲಿಲ್ಲ.

ಬೆಂಕಿ ಆರಿತು. ಗೌಹರಳ ಸಿಪಾಯಿ ಕತ್ತಿ ಒರೆಸಿಕೊಂಡು, ಬೂದಿ ತುಳಿಯುತ್ತಾ ಬಾವಿಯ ಹತ್ತಿರ ಬಂದ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮುಂಚೆ ಸಿಪಾಯಿ ಕಡಿದು ಹಾಕಿದ್ದು ಅವಳ ಮಗನನ್ನೇ. ಗೌಹರ್ ಅವಳನ್ನು ಮಾತಾಡಿಸಿದಳು.

“ಬಾ ಕಂದಾ, ಉಂಡ್ಯಾ?” ಎಂದಳು ಮುದುಕಿ, ನಗುನಗುತ್ತಾ.

ಗೌಹರ್ ಮತ್ತೆ ಗುಂಡಿ ಒತ್ತಿದಳು.

“ಬಾ ಕಂದಾ, ಉಂಡ್ಯಾ?”

ಗೌಹರಳ ಕೈ ನಿಂತುಹೋಯಿತು. “ಇವರು ಅದೇ ಮುನಿಗಂಗಮ್ಮ ಅಲ್ವಾ ಮ್ಯಾಮ್? ಮೊದಲನೇ ಗೇಮಲ್ಲಿದ್ದವರು?”

“ಹೂಂ,” ಎಂದಳು ಇಂದು.

“ಆವತ್ತು ನಾನು ಒಂದೇ ಒಂದು ಕೋಳಿ ಕದ್ದಿದ್ದೆ. ಅಷ್ಟಕ್ಕೇ ಇವರು ಗೇಮ್ ಮುಗಿಯೋವರ್ಗೂ ನನ್ನ ಮುಖ ನೋಡಲಿಲ್ಲ. ಒಂದು ತೊಟ್ಟು ನೀರು ಕೊಡ್ಲಿಲ್ಲ. ತಡ್ಕೊಳ್ಳೋಕಾಗ್ದೆ ನಾನು ಮೊದಲಿಂದ ಆಡಿದ್ದೆ, ಕೋಳಿ ಮುಟ್ಟದೇನೇ.” ಅವಳು ಪರದೆಯ ಕಡೆ ತಿರುಗಿದಳು. “ಇವತ್ತು ಇವರ ಊರು ಸುಟ್ಟಿದ್ದೀನಿ. ಊಟ ಆಯ್ತಾ ಅಂತ ಕೇಳ್ತಿದ್ದಾರೆ.”

“ಈಗಿನ ಹುಡುಗರಿಗೆ ಮಾತೆಲ್ಲ ಬೇಡ ಕಣ್ರೀ,” ಎಂದ ಚನ್ನಕೇಶವ ಗಡಿಬಿಡಿಯಿಂದ. “ಓದೋ ತಾಳ್ಮೆ ಯಾರಿಗಿದೆ? ಮುಂದೆ ಆಡಿ, ಆನೆ ಯುದ್ಧ ಇದೆ.”

ಗೌಹರ್ ಮುಂದೆ ಆಡಲಿಲ್ಲ. ಅವಳ ಕಣ್ಣು ತುಂಬಿ ಬಂತು. ದುಪಟ್ಟಾದ ತುದಿಯಿಂದ ಒರೆಸಿಕೊಂಡು ಎದ್ದಳು. “ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕು ಸರ್, ಏನೂ ಅಂದ್ಕೋಬೇಡಿ,” ಎಂದವಳು, ಹೋಗುವಾಗ ಇಂದುವಿನ ಕೈ ಒಮ್ಮೆ ಒತ್ತಿದಳು. ಮುಖ ಎತ್ತಲಿಲ್ಲ.

ಬಾಗಿಲು ಮುಚ್ಚಿಕೊಂಡಿತು. ವಾಯುನೆಲೆಯಿಂದ ಎದ್ದ ಯಾವುದೋ ವಿಮಾನದ ಸದ್ದಿಗೆ ಕಿಟಕಿಯ ಗಾಜು ಅದುರಿತು.

ಮುನಿಗಂಗಮ್ಮ ಮಗನ ಹೆಣದ ಮುಂದೆ ಕೂತು ಸಿಪಾಯಿಯನ್ನು ಏನು ಕೇಳುತ್ತಾಳೆ ಎಂಬುದನ್ನು ಇಂದು ಈ ಗೇಮಿಗೆಂದೇ ಹಿಂದೆ ಬರೆದಿದ್ದಳು. ಬರೆದ ದಿನ ತಾನೇ ಅತ್ತಿದ್ದಳು. ‘ಬೇರೆಯವರೆಲ್ಲ ಗ್ರಾಫಿಕ್ಸಲ್ಲಿ ಎಲ್ಲಿಗೋ ಹೋಗ್ಬಿಟ್ರು, ನಾವು ಅವರನ್ನ ಹಿಡೀಬೇಕು’ ಎಂದು ಚನ್ನಕೇಶವ ಅದನ್ನೆಲ್ಲ ತೆಗೆಸಿ, ಇದ್ದಬದ್ದವರನ್ನೆಲ್ಲ ಬೆಂಕಿ, ಹೊಗೆ, ಆನೆಗಳ ಕೆಲಸಕ್ಕೆ ಹಾಕಿದ್ದ. ಆಗ ಅವಳು ಒಂದು ಸಲ ಬೇಡ ಎಂದಿದ್ದಳು. ಎರಡನೇ ಸಲ ಹೇಳಿರಲಿಲ್ಲ.

“ಸರ್, ಇನ್ನೊಂದು ಆರು ತಿಂಗಳು ಕೇಳೋಣ,” ಎಂದಳು ಈಗ. “ಆ ಮಾತುಗಳು ಎಲ್ಲಾ ನನ್ನ ಹತ್ರ ಇವೆ. ವಾಪಸ್ ಹಾಕೋಣ.”

“ಆರು ತಿಂಗಳು ಯಾರು ಕೊಡ್ತಾರೆ ಇಂದು?”

ಅವನು ಗೌಹರಳ ಕುರ್ಚಿಯಲ್ಲಿ ಕುಸಿದು ಕೂತ. ತಾನೇ ಗುಂಡಿ ಒತ್ತಿದ. ಮುದುಕಿ ಉಂಡ್ಯಾ ಎಂದಳು. ಇನ್ನೊಮ್ಮೆ ಒತ್ತಿದ. ಹಾಗೇ ಎಷ್ಟೋ ಹೊತ್ತು ಒತ್ತುತ್ತಲೇ ಇದ್ದ. ಆಮೇಲೆ ಪರದೆ ಆರಿಸಿ, ಅಂಗಿ ಸರಿಮಾಡಿಕೊಂಡು, ಬಾಗಿಲು ತೆರೆದ.

ಹೊರಗೆ ಹಾಲ್‌ನಲ್ಲಿ ಗೇಮ್ ಮಾಡಿದವರೆಲ್ಲರೂ ಎದ್ದು ನಿಂತಿದ್ದರು. ಎರಡು ವರ್ಷದಿಂದ ಭಾನುವಾರ ಅನ್ನುವುದನ್ನೇ ಮರೆತಿದ್ದ ಜನ. ಆ ಬೆಂಕಿಯ ಒಂದೊಂದು ಕಿಡಿಯನ್ನೂ ಬಿಡಿಸಿದ್ದ ವನಿತಾ ಮುಂದೆ ಬಂದಳು.

“ಏನಂದ್ರು ಸರ್?”

ಚನ್ನಕೇಶವ ಎಲ್ಲರ ಮುಖ ನೋಡಿದ. ನಕ್ಕ.

“ಏನನ್ನೋದು! ಆಡ್ತಾ ಆಡ್ತಾ ಅತ್ತೇಬಿಟ್ರು,” ಎಂದ. ತಿರುಗಿ ಕೇಳಿದ, “ಅಲ್ವಾ ಇಂದು?”

ಅಷ್ಟೂ ಕಣ್ಣುಗಳು ಅವಳತ್ತ ಹೊರಳಿದವು.

“ಹೌದು,” ಎಂದಳು ಇಂದು. “ನಾನೇ ನೋಡ್ದೆ.”

ಹಾಲ್ ತುಂಬ ಚಪ್ಪಾಳೆ ಬಿತ್ತು.