ಅತ್ತೆ ರುಚಿ ನೋಡಿದ ಅಣಬೆ

"ಇದು ಬರೀ ಕಹಿ ಕಣಮ್ಮ," ಎನ್ನುತ್ತ ಅತ್ತೆ ಬಾಯಿ ಒರೆಸಿಕೊಂಡರು.

ಸ್ನಾನ ಮುಗಿಸಿ ಬಂದ ಸೊಸೆ ಬಾಗಿಲಲ್ಲೇ ನಿಂತಳು. ಉದುರುವ ಪುಡಿಯ ಬಣ್ಣ ನೋಡಲೆಂದು ರಾತ್ರಿ ಕಪ್ಪು ಕಾಗದದ ಮೇಲೆ ಕವುಚಿಟ್ಟಿದ್ದ ಎರಡು ಪುಟ್ಟ ಕಾಡಣಬೆಗಳಲ್ಲಿ ಒಂದು ಕಾಣೆಯಾಗಿತ್ತು.

"ಉಗುಳಿದ್ರಿ ತಾನೇ?"

"ಉಗುಳೋದ್ಯಾಕೆ?"

ಅಣಬೆಗಳ ಗುರುತು ಹಿಡಿಯುವುದು ಸೊಸೆಯ ಉದ್ಯೋಗ. ವಿಷದ್ದಲ್ಲವೆಂದು ಖಾತ್ರಿಯಾದ ಮೇಲೆ ಚೂರೇ ಚೂರು ನಾಲಿಗೆಗೆ ಮುಟ್ಟಿಸಿ ಉಗುಳುವುದೂ ಅದರಲ್ಲೊಂದು ಪದ್ಧತಿ. ಅತ್ತೆ ಹೊರಗಿನಿಂದ ಕಂಡಿದ್ದು ಮುಟ್ಟಿಸುವುದನ್ನಷ್ಟೇ. ಉಗುಳುವ ಡಬ್ಬಿ ಮೇಜಿನ ಮರೆಯಲ್ಲಿತ್ತು. ಹೋಟೆಲಿನ ಒಲೆ ಮುಂದೆ ಆಯುಸ್ಸು ಸವೆಸಿದ ಹೆಂಗಸು, ರುಚಿ ನೋಡಿದ್ದನ್ನು ಉಗುಳುವ ಅಡುಗೆಯವರು ಎಲ್ಲಾದರೂ ಉಂಟೇ? ಹೊಸ ಸೊಸೆಯ ಕೆಲಸಕ್ಕೆ ಒಂದು ಕೈ ಹಾಕೋಣ ಎಂದು ಹೊರಟಿದ್ದರು, ಪುಣ್ಯಾತ್ಗಿತ್ತಿ. ಆದರೆ ಇವೆರಡನ್ನು ಸೊಸೆ ಇನ್ನೂ ಪರೀಕ್ಷಿಸಿಯೇ ಇರಲಿಲ್ಲ.

ಅವಳು ಓಡಿಹೋಗಿ ಆಸ್ಪತ್ರೆಗೆ ಕರೆ ಮಾಡಿದಳು. ಫೋನಿನಲ್ಲಿ ಡಾಕ್ಟರು ಯಾವ ಅಣಬೆ ಎಂದು ಕೇಳಿದರು. ಅಣಬೆಯೇನೋ ಅತ್ತೆಯ ಹೊಟ್ಟೆಯಲ್ಲಿತ್ತು; ಆದರೆ ರಾತ್ರಿಯಿಡೀ ಅದು ಉದುರಿಸಿದ ಪುಡಿ ಕಾಗದದ ಮೇಲೆ ಹಾಗೇ ಉಳಿದಿತ್ತು. ಸೊಸೆ ಭೂತಗನ್ನಡಿ ಹಿಡಿದು ಬಗ್ಗಿದಳು. ಪುಡಿ ಬೆಳ್ಳಗಿತ್ತು. ಪಕ್ಕದಲ್ಲಿ, ಆ ಅಣಬೆ ಬೆಳೆದಿದ್ದ ಒಣಕಡ್ಡಿಗೆ ಅದರದೇ ಮರಿಯೊಂದು ಅಂಟಿಕೊಂಡಿತ್ತು: ಬೀಸಣಿಗೆಯಾಕಾರ, ಮಗ್ಗುಲಲ್ಲಿ ಮೋಟು ಕಾಂಡ. ಮತ್ತೆ ಮತ್ತೆ ನೋಡಿ ವಿಷದ್ದಲ್ಲವೆಂದು ಖಾತ್ರಿ ಮಾಡಿಕೊಂಡಳು, ಕೊನೆಗೆ ಮರಿಯ ಚೂರು ನಾಲಿಗೆಗಿಟ್ಟು ಉಗುಳಿದಳು. ಬಾಯೆಲ್ಲ ಒಗರು, ಕಹಿ. ಅನುಮಾನವೇ ಇಲ್ಲ, ಯಾರೂ ತಿನ್ನದ, ಆದರೆ ಯಾರ ಜೀವವನ್ನೂ ತೆಗೆಯದ ಕಟ್ಟಿಗೆ ಅಣಬೆ.

ಹೊಟ್ಟೆ ತೊಳಸಿದರೂ ತೊಳಸೀತು, ಯಾವುದಕ್ಕೂ ಕರೆತನ್ನಿ, ಸಂಜೆಯವರೆಗೆ ಕಣ್ಣಿಟ್ಟಿರೋಣ ಎಂದರು ಡಾಕ್ಟರು. ಫೋನಿಟ್ಟ ಸೊಸೆ ನೆಲದ ಮೇಲೆ ಕುಸಿದು ಕೂತು ಅತ್ತಳು. ಹೋದ ಜೀವ ಬಂದಂತಾಗಿತ್ತು. ಅಳುತ್ತಲೇ ಅತ್ತೆಗೆ ಚೆನ್ನಾಗಿ ಬೈದಳು. ಮನೆಗೆ ಬಂದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು. ಅತ್ತೆ ತಪ್ಪು ಮಾಡಿದ ಮಗುವಿನಂತೆ ನಿಂತು ಬೈಸಿಕೊಂಡರು, ಆಮೇಲೆ ಮೆಲ್ಲಗೆ ಅವಳ ಒದ್ದೆ ತಲೆ ಒರೆಸತೊಡಗಿದರು.

ಕಣ್ಣೊರೆಸಿಕೊಂಡು ಎದ್ದ ಸೊಸೆ ಇನ್ನೊಂದು ಅಣಬೆಯನ್ನೆತ್ತಿ ನೋಡಿದಳು. ಜೇನುಬಣ್ಣದ ದುಂಡು ಟೋಪಿ, ಕಾಂಡಕ್ಕೆ ತೆಳುವಾದ ಉಂಗುರ, ಕೆಳಗೆ ತುಕ್ಕಿನ ಬಣ್ಣದ ಪುಡಿ. ಇದು ಮಾತ್ರ ತಿಂದವರ ಜೀವ ತೆಗೆಯುವ ಜಾತಿ.

"ಇದನ್ನ ಮುಟ್ಟಿಲ್ಲ ತಾನೇ ಅತ್ತೆ?"

"ಇಲ್ಲ ಕಣಮ್ಮ. ನೋಡೋಕೆ ಅದೇ ಚೆನ್ನಾಗಿತ್ತು. ಚೆನ್ನಾಗಿರೋದು ನಿನಗಿರಲಿ ಅಂತ ಬಿಟ್ಟೆ."