ಬಿಳಿ ಟರ್ಬೊ ಮತ್ತು ಭೂಗೋಳದ ಮೇಷ್ಟ್ರು

ಊರ ಹೊರಗಿನ ತಿರುವಿನಲ್ಲಿ ಎಗಾನ್ ಷ್ಟೆಟರ್ ಕಾರು ನಿಲ್ಲಿಸಿ, ದುಬಾರಿ ಕೈಗಡಿಯಾರ ಬಿಚ್ಚಿ ಜೇಬಿಗಿಳಿಸಿದ. ಅಕ್ಕನ ಹತ್ತಿರ ಕೇಳಿ ತಂದ ಸಣ್ಣ ಕಾರು, ಮೊಣಕೈ ಸವೆದ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡ. ಪರವಾಗಿಲ್ಲ. ಹದಿನೆಂಟು ಹಳೆಯ ಕಾರುಗಳ ಒಡೆಯ ಎಂದು ಯಾರೂ ಹೇಳುವಂತಿರಲಿಲ್ಲ.

ಹತ್ತೊಂಬತ್ತನೆಯದು ಇನ್ನು ಅರ್ಧ ಕಿಲೋಮೀಟರ್ ದೂರದಲ್ಲಿತ್ತು.

1974ರ ಬಿಎಂಡಬ್ಲ್ಯು 2002 ಟರ್ಬೊ. ಅದಕ್ಕಾಗಿ ಹನ್ನೊಂದು ವರ್ಷ ಜರ್ಮನಿಯನ್ನೆಲ್ಲ ಜಾಲಾಡಿದ್ದ. ಕೊನೆಗೆ ಕಣ್ಣಿಗೆ ಬಿದ್ದದ್ದು ಆಲ್ಗಾಯ್ ಸೀಮೆಯ ಒಂದು ಹಳ್ಳಿ ಪತ್ರಿಕೆಯಲ್ಲಿ, ಕರು ಮತ್ತು ಒಣಹುಲ್ಲಿನ ಜಾಹೀರಾತುಗಳ ನಡುವೆ. "ಬಿಳಿ ಟರ್ಬೊ, 1974. ಸುಸ್ಥಿತಿಯಲ್ಲಿದೆ. ಸರಿಯಾದ ವ್ಯಕ್ತಿ ಬೇಕಾಗಿದ್ದಾರೆ. ಶನಿವಾರ ಬೆಳಿಗ್ಗೆ ಬನ್ನಿ. ವಾಲ್ಬುರ್ಗಾ ಬ್ರೀಖ್ಲೆ." ಬೆಲೆಯ ಸುದ್ದಿಯೇ ಇಲ್ಲ. ಬೆಲೆ ಗೊತ್ತಿಲ್ಲದವರು ತಾನೇ ಬೆಲೆ ಬರೆಯದೆ ಬಿಡುವುದು! ಎಗಾನ್ ಮೂರು ಸಲ ಓದಿ ಮೂರು ಸಲವೂ ನಕ್ಕಿದ್ದ.

ಬಾಗಿಲು ತೆಗೆದವಳು ಎಪ್ಪತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಾಲಲ್ಲಿ ಗಂಬೂಟು.

"ನೀವು ಒಂಬತ್ತನೇವ್ರು," ಎಂದು ಅಡಿಯಿಂದ ಮುಡಿಯವರೆಗೆ ಅಳೆದಳು. "ತೂಕ ಎಷ್ಟು?"

"ನಂದಾ? ಎಪ್ಪತ್ತೆರಡು ಕಿಲೋ."

"ಆಗಬಹುದು. ಏನ್ ಕೆಲಸ?"

"ಭೂಗೋಳದ ಮೇಷ್ಟ್ರು. ರಿಟೈರ್ ಆಗಿದೀನಿ." ಯಾರಿಗೂ ಅನುಮಾನ ಬಾರದ ಕೆಲಸವೆಂದು ದಾರಿಯಲ್ಲೇ ಆರಿಸಿಕೊಂಡಿದ್ದ.

ಮುದುಕಿಯ ಮುಖ ಅರಳಿತು. ಗಾಳಕ್ಕೆ ಮೀನು ಬಿತ್ತು, ಅಂದುಕೊಂಡ.

ಅವಳು ಕೊಟ್ಟಿಗೆಯ ಬಾಗಿಲು ಸರಿಸಿದಳು. ಎಗಾನ್‌ನ ಉಸಿರು ಅಲ್ಲೇ ನಿಂತಿತು. ಚಕ್ರಗಳ ಮೇಲೆ ಉಬ್ಬಿದ ಆ ಮಡ್ಗಾರ್ಡುಗಳು, ಮೀಟರುಗಳ ಸುತ್ತಿನ ಆ ಕೆಂಪು. ಹುಡುಕಿದರೂ ಒಂದು ಗೀರಿಲ್ಲ. ಪಕ್ಕದ ಸೀಟಿನ ಎದುರಿಗೆ ಮಾತ್ರ ಯಾರೋ ಎರಡು ಗಡಿಯಾರ, ಕತ್ತು ಬಾಗಿಸುವ ಪುಟ್ಟ ದೀಪ ಸಿಕ್ಕಿಸಿದ್ದರು. ಕಾರ್ಖಾನೆಯಿಂದ ಬಂದ ಸಾಮಾನಲ್ಲ, ಕಿತ್ತೆಸೆದರಾಯಿತು. ಮನಸ್ಸು ಕುಣಿಯುತ್ತಿದ್ದರೂ ಮುಖ ಸಪ್ಪಗೆ ಮಾಡಿಕೊಂಡ.

"ಹಳೇ ಗಾಡಿ. ಪೆಟ್ರೋಲು ಸಿಕ್ಕಾಪಟ್ಟೆ ಕುಡಿಯುತ್ತೇನೋ?"

"ಕುಡೀಲಿ ಬಿಡಿ. ನಿಮ್ಮನ್ನೇನೂ ಕೇಳಲ್ಲ."

"ಯಜಮಾನ್ರ ಕಾರಾ ಇದು?"

"ಯಜಮಾನ್ರು ನಲವತ್ತು ವರ್ಷ ಇದರಲ್ಲೇ ನನ್ನ ಜೊತೆ ಕೂತ್ರು. ಹೋದ ಚಳಿಗಾಲದಲ್ಲಿ ಬಿಟ್ಟು ಹೋದ್ರು. ಹೇಳಲಿಲ್ಲ, ಕೇಳಲಿಲ್ಲ." ಅವಳು ಬೆಟ್ಟದ ಕಡೆ ನೋಡಿ ತುಟಿ ಬಿಗಿದಳು.

ಎಗಾನ್ ಟೋಪಿ ತೆಗೆದು ತಲೆ ಬಾಗಿಸಿದ. ತಲೆ ಎತ್ತುವಷ್ಟರಲ್ಲಿ, ಮನಸ್ಸಿನಲ್ಲಿದ್ದ ಬೆಲೆಯನ್ನು ಇನ್ನೊಂದಿಷ್ಟು ಇಳಿಸಿಯಾಗಿತ್ತು.

"ಒಂದು ಸುತ್ತು ಓಡಿಸಿ ನೋಡ್ಲಾ ಅಮ್ಮಾ?"

"ಮೊದ್ಲು ಪಕ್ಕದಲ್ಲಿ ಕೂತ್ಕೊಳ್ಳಿ. ತಿರುವಲ್ಲಿ ವಾಂತಿ ಬರುತ್ತಾ?"

"ಛೆ, ಇಲ್ಲ."

"ಹೋದ ವಾರ ಬಂದಿದ್ದ ಹಲ್ಲಿನ ಡಾಕ್ಟ್ರೂ ಹಿಂಗೇ ಅಂದಿದ್ರು. ಸೀಟು ತೊಳೆಯೋಕೆ ಎರಡು ದಿನ ಬೇಕಾಯ್ತು." ಅವನು ಕೂತದ್ದೇ ತೊಡೆಯ ಮೇಲೆ ಮಡಿಸಿದ ನಕ್ಷೆಯೊಂದು ಬಿತ್ತು. "ಭೂಗೋಳದೋರಲ್ವಾ? ದಾರಿ ನೋಡ್ತಿರಿ."

ಹಾಲು ತರಲು ಹೊರಟವಳಂತೆ ಓಡಿಸುತ್ತಾಳೆ ಎಂದುಕೊಂಡಿದ್ದ. ಚರ್ಚು ದಾಟಿದ್ದೇ ತಡ, ಮುದುಕಿ ಆಕ್ಸಿಲರೇಟರ್ ಅದುಮಿದಳು. ಟರ್ಬೊ ಒಂದು ಕ್ಷಣ ಉಸಿರು ಹಿಡಿಯಿತು, ಆಮೇಲೆ ಬೆನ್ನಿಗೆ ಗುದ್ದಿತು. ಹಸುಗಳು, ಬೇಲಿ, ಹಾಲಿನ ಡೈರಿ ಎಲ್ಲ ಒಂದೇ ಗೆರೆಯಾಗಿ ಹಿಂದೆ ಸರಿದವು. ರಸ್ತೆ ಬೆಟ್ಟವೇರಿತು. ತನ್ನ ಹತ್ತೊಂಬತ್ತನೆಯ ಕಾರು ಮುಂದಿನ ಮರಕ್ಕೆ ಅಪ್ಪಳಿಸುವುದು ಎಗಾನ್‌ನ ಕಣ್ಣಿಗೆ ಕಟ್ಟಿತು.

"ಎಡಕ್ಕೆ! ಕಡಿದಾದ ತಿರುವು! ಎರಡನೇ ಗೇರು!" ಎಂದು ನಕ್ಷೆ ಬಿಡಿಸಿ ಕೂಗಿದ.

ಅವಳು ಎರಡನೇ ಗೇರಿಗೆ ತಂದಳು.

"ಈಗ ನೇರ, ಇನ್ನೂರು ಮೀಟರು. ಒತ್ತಿ! ಮುಂದೆ ಬಲಕ್ಕೆ ಸೇತುವೆ, ನಿಧಾನ, ನಿಧಾನ ಅಂದ್ನಲ್ಲ!"

ಅವಳು ತಿರುಗಿಯೂ ನೋಡಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಐದನೇ ತಿರುವಿಗೆ ಎಗಾನ್ ಹೆದರುವುದನ್ನು ಮರೆತಿದ್ದ. ಹತ್ತನೆಯದಕ್ಕೆ ಜೋರಾಗಿ ನಗುತ್ತಿದ್ದ. ಅವನ ಹದಿನೆಂಟು ಕಾರುಗಳೂ ಊರಲ್ಲಿ ಮುಸುಕು ಹೊದ್ದು ಮಲಗಿದ್ದವು. ಗೀರು ಬಿದ್ದೀತೆಂಬ ಭಯಕ್ಕೆ ಒಂದನ್ನೂ ಹೀಗೆ ಓಡಿಸಿರಲಿಲ್ಲ.

ಅವಳು ಅಂಗಳಕ್ಕೆ ಮರಳಿ ಎಂಜಿನ್ ಆರಿಸಿದಾಗ ಅವನು ನಕ್ಷೆಯನ್ನು ಜೋಪಾನವಾಗಿ ಮಡಿಸಿದ. ಈ ಹೆಂಗಸಿಗೆ ಮೋಸ ಮಾಡುವುದು ತನ್ನಿಂದ ಆಗದ ಕೆಲಸ ಎಂಬುದು ಅವನಿಗೇ ಆಶ್ಚರ್ಯವಾಗುವಂತೆ ಹೊಳೆಯಿತು.

"ಅಮ್ಮಾ, ನಾನು ಮೇಷ್ಟ್ರಲ್ಲ. ಸುಳ್ಳು ಹೇಳ್ದೆ. ಹಳೇ ಕಾರು ಕೂಡಿಡೋದು ನನ್ನ ಹುಚ್ಚು. ಇದು ಎಷ್ಟು ಬಾಳುತ್ತೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಒಂದು ಯೂರೋ ಕಡಿಮೆ ಮಾಡದೆ ಕೊಡ್ತೀನಿ."

"ಮೇಷ್ಟ್ರಲ್ವಾ?" ಅವಳು ಹುಬ್ಬೇರಿಸಿದಳು. "ಮತ್ತೆ ನಕ್ಷೆ ಓದೋದು ಎಲ್ಲಿ ಕಲಿತ್ರಿ?"

"ಸೈನ್ಯದಲ್ಲಿ. ಎರಡು ವರ್ಷ ಇದ್ದೆ."

"ಇನ್ನೂ ಒಳ್ಳೇದಾಯ್ತು."

ಮನೆಯ ಬಾಗಿಲು ತೆರೆದುಕೊಂಡಿತು. ಬೋಳುತಲೆಯ ಮುದುಕನೊಬ್ಬ ಪ್ಲಮ್ ಹಣ್ಣಿನ ಕೇಕಿನ ತಟ್ಟೆ ಹಿಡಿದು ಹೊರಬಂದ. "ಸಿಕ್ಕಿದ್ರೇನೇ ಬುರ್ಗೀ?" ಎಂದು ಕೂಗಿದ.

"ಇವರು ಯಾರು?" ಎಗಾನ್ ತೊದಲಿದ.

"ನಮ್ಮ ಯಜಮಾನ್ರು. ನನ್ನ ಪಕ್ಕದ ಸೀಟು ಬಿಟ್ಟು ನನ್ನ ತಂಗಿ ಕಾರಿಗೆ ಹೋದ ಮಹಾನುಭಾವ್ರು. ನಾಳೆ ಬೆಟ್ಟದ ಕಾರ್ ರ‍್ಯಾಲಿಲಿ ಅವಳಿಗೆ ದಾರಿ ಹೇಳ್ತಾರಂತೆ," ಎಂದು ಕಾರಿನಿಂದಿಳಿದ ವಾಲ್ಬುರ್ಗಾ, ಗಂಡನ ತಟ್ಟೆಯಿಂದ ದೊಡ್ಡದೊಂದು ತುಂಡೆತ್ತಿ ಎಗಾನ್‌ನ ಕೈಗಿಟ್ಟಳು. "ಕಾರನ್ನ ಯಾರಾದ್ರೂ ಮಾರ್ತಾರಾ ಮೇಷ್ಟ್ರೇ? ನಾನು ಜಾಹೀರಾತು ಕೊಟ್ಟಿದ್ದು ಪಕ್ಕದ ಸೀಟಿಗೆ. ಬೆಳಿಗ್ಗೆ ಆರಕ್ಕೆ ಬಂದ್ಬಿಡಿ, ಇವರಿಬ್ಬರನ್ನೂ ಸೋಲಿಸ್ಬೇಕು."