ಇಂಗ್ಲಿಷಿನ ಒಂದು ಸಾಲು

“ಮುತ್ತ ಇದ್ರ ಮೇಲೆ ಕೂಕಂತಿದ್ನಾ?” ಎಂದು ವಕೀಲ ಭೋಜರಾಜರು ಮೇಜಿನ ಮೇಲಿದ್ದ ಲೈಫ್ ಜಾಕೆಟನ್ನು ಪೆನ್ನಿನಿಂದ ತಿವಿದರು.

“ದೋಣಿಯೊಳ್ಗೆ ಎಲ್ಲರೂ ಕೂಕಂತ್ರ್ ಮಾರಾಯ್ರೆ. ಬರೀ ಹಲ್ಗಿ ಮೇಲೆ ಕೂಕಂಡ್ರೆ ಸೊಂಟ ಉಳಿತಾ?” ಎಂದಳು ಸರೋಜ. ಮರವಂತೆಯಲ್ಲಿ ದೋಣಿ ಮಗುಚಿದಾಗ ಅವಳ ಗಂಡ ಮುತ್ತ ಈ ಜಾಕೆಟ್ ತೊಟ್ಟೇ ಮುಳುಗಿದ್ದ. ತೊಟ್ಟುಕೊಂಡೇ ಕಿರಿಮಂಜೇಶ್ವರದ ದಡಕ್ಕೆ ಬಂದು ಬಿದ್ದಿದ್ದ. ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾಗಿದೆ, ತಪ್ಪು ಬಳಸಿದವನದು ಎಂದು ಜಾಕೆಟ್ ಮಾಡಿದ ಕಂಪೆನಿ ಉತ್ತರ ಕೊಟ್ಟಿತ್ತು. ಮೀನು ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಮುಂದೆಯೇ ಯಾರೋ, “ಮುತ್ತ ಕೂಕಂಡೇ ಸತ್ತದ್ದಂಬ್ರಲೆ” ಎಂದು ನಕ್ಕಿದ್ದರು. ಕಂಪೆನಿಯ ಮೇಲೆ ಕೇಸು ಹಾಕಿ ಆ ನಗು ನಿಲ್ಲಿಸಬೇಕೆಂದೇ ಸರೋಜ ಮಗಳೊಂದಿಗೆ ಇಲ್ಲಿಗೆ ಬಂದದ್ದು.

ಭೋಜರಾಜರು ಕಾಲರಿನ ಪಟ್ಟಿ ತಿರುಗಿಸಿದರು. “ಕಾಣಿ, ಹೊಲಿಗೆ ಬಿಟ್ಟದ್ದಿಲ್ಲೆ, ಬಟ್ಟೆ ಹರ್ದದ್ದಿಲ್ಲೆ. ಆದ್ರೆ ‘ಇದರ ಮೇಲೆ ಕೂರಬೇಡಿ’ ಅಂದೇಳಿ ಬರ್ದದ್ದ್ ಇಂಗ್ಲಿಷಂಗೆ ಮಾತ್ರ. ಮಾರೂದ್ ನಿಮ್ಗೆ. ನಿಮ್ಗೆ ಗೊತ್ತಾಪ್ಹಾಂಗೆ ಎಚ್ಚರಿಕೆ ಕೊಡ್ದಿದ್ರೆ ಕಾನೂನಂಗೆ ಅದೂ ದೋಷವೇ. ಮುತ್ತನಿಗೆ ಗೊತ್ತಿರ್ಲಿಲ್ಲ. ಅಲ್ದಾ?”

“ಗೊತ್ತಿತ್ತ್,” ಎಂದಳು ಮಗಳು ಚಂದನಾ. “ತಂದ ದಿನವೇ ನಾನ್ ಓದಿ ಹೇಳಿದ್ದೆ.”

ಹೌದು. ಮುತ್ತ ಆ ಸಾಲನ್ನು ಎರಡು ಸಲ ಓದಿಸಿದ್ದ, ಮಗಳ ಇಂಗ್ಲಿಷ್ ಕೇಳುವ ಆಸೆಗೆ. “ಕೂಕಂಡ್ರೆ ಇದ್ಕೆ ನೋವಾತ್ತಾ?” ಎಂದು ನಕ್ಕಿದ್ದ.

“ಹಾಂಗಾರೆ ದೋಷ ಜಾಕೆಟಿಂದಲ್ಲ, ನಿಮ್ಮ ಗಂಡಂದ್,” ಎಂದ ಭೋಜರಾಜರು ಎದ್ದು ನಿಂತರು. “ನಾನ್ ಒಂದ್ ಚಾ ಕುಡ್ಕಂಡ್ ಬತ್ತೆ. ಓದಿ ಹೇಳಿದ್ದ್ ಹೌದಾ ಅಲ್ದಾ, ಸಮಾ ನೆನ್ಪ್ ಮಾಡ್ಕಣಿ.”

ಬಾಗಿಲು ಮುಚ್ಚಿತು. ಸರೋಜ ಮಗಳ ಮುಖ ನೋಡಲಿಲ್ಲ. “ನೀನ್ ಓದ್ಲಿಲ್ಲ ಅಂದೇಳ್ ಹೆಣ್ಣೇ,” ಎಂದಳು. “ಸತ್ತರಿಗೆ ಮತ್ತೆ ಮಾರ್ಕೆಟಿನ ಆ ಮಾತ್ ಬೇಡ.”

ವಕೀಲರು ಬಾಯಿ ಒರೆಸಿಕೊಳ್ಳುತ್ತ ಬಂದು ಪೆನ್ನು ತೆಗೆದರು.

“ನಾನ್ ಓದ್ಲಿಲ್ಲ,” ಎಂದಳು ಚಂದನಾ.

“ಬಿ.ಕಾಂ. ಓದು ಮಗಳ್ ಮನೆಯಂಗೇ ಇದ್ದಳಲೆ, ಎಂತಕ್ಕೆ ಓದಿ ಹೇಳ್ಲಿಲ್ಲ ಅಂದ್ ಕಂಪೆನಿಯವ್ರ್ ಕೇಳ್ತ್ರ್. ಎಂತ ಬರೀಲಿ?”

ಚಂದನಾ ಜಾಕೆಟಿನ ಕಾಲರಿನ ಪಟ್ಟಿಯನ್ನು ಒಳಕ್ಕೆ ಮಡಚಿದಳು. ಆಮೇಲೆ, “ಅಪ್ಪ ಮೀನ್ ಹಿಡೂರ್ ಅಂದೇಳಿ ನಂಗ್ ನಾಚ್ಕಿ ಇತ್ತ್, ಅವ್ರತ್ರ ಮಾತೇ ಆಡ್ತಿರ್ಲಿಲ್ಲ ಅಂದೇಳಿ ಬರ್ಕಣಿ,” ಎಂದಳು.

ಸರೋಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಇದನ್ನ ಎಲ್ಲರೂ ನಂಬ್ತ್ರ್,” ಎಂದು ಭೋಜರಾಜರು ಬರೆಯತೊಡಗಿದರು.